ಅಪ್ಪನ ಬಾಯಾರಿಕೆಯ ವರ್ಷ

ಮೊನ್ನೆ ಮೊಮ್ಮಗನ ಸ್ಕೂಟರಿನ ಹಿಂದೆ ಕೂತು ಜೆಪ್ಪುವಿನ ಕಡೆ ಹೋಗಿದ್ದೆ. ಈ ವಯಸ್ಸಿನಲ್ಲಿ ಸ್ಕೂಟರ್ ಹತ್ತುವುದಾ ಎಂದು ಸೊಸೆ ಗೊಣಗಿದಳು. ಗೊಣಗಲಿ. ನದಿಯ ಕಡೆ ಇಳಿಯುವ ದಾರಿಯಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಪಾಗಾರದ ಗೋಡೆಯ ಪಕ್ಕ, ಒಂದು ಗೇರುಮರವಿತ್ತು. ಬುಡದ ತುಂಬ ಹಣ್ಣು ಬಿದ್ದು, ಒಡೆದು, ಮಾರ್ಚಿನ ಬಿಸಿಲಿಗೆ ಹುಳಿ ಬಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಡುಗನ ಭುಜ ತಟ್ಟಿ ನಿಲ್ಲಿಸು ಎಂದೆ. ಅವನು ಗಾಬರಿಯಾಗಿ ತಲೆ ಸುತ್ತುತ್ತದಾ ಎಂದು ಕೇಳಿದ. ತಲೆಗೆ ಏನೂ ಆಗಿರಲಿಲ್ಲ. ಅದು ನನ್ನ ಅಪ್ಪನ ವಾಸನೆ. ಹೆಚ್ಚುಕಡಿಮೆ ಅದೇ ವಾಸನೆ ಹೊತ್ತು ಅವನು ಪ್ರತಿ ಸಂಜೆ ಮನೆಗೆ ಬರುತ್ತಿದ್ದ, ಒಂದು ವರ್ಷದ ಕರೆಜ್ಮ್ ಬಿಟ್ಟು.

ಕರೆಜ್ಮ್ ಎಂದರೆ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಮುಂಚಿನ ತಪಸ್ಸಿನ ಕಾಲ. ಬೂದಿ ಬುಧವಾರದಂದು ಪಾದ್ರಿ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಹೋಗುವವನು ಎಂದು ನೆನಪಿಸುತ್ತಾರೆ. ಅಲ್ಲಿಂದ ಹಬ್ಬದವರೆಗೆ ಮದುವೆಯಿಲ್ಲ, ವಾದ್ಯವಿಲ್ಲ, ಮಾಂಸವಿಲ್ಲ. ಅದರ ಮೇಲೆ ಒಬ್ಬೊಬ್ಬರೂ ತಮಗೆ ಪ್ರಿಯವಾದ ಒಂದನ್ನು ಬಿಡಬೇಕು. ಅಮ್ಮ ಕಾಫಿಗೆ ಬೆಲ್ಲ ಬಿಡುತ್ತಿದ್ದಳು. ಅಪ್ಪ ಪ್ರತಿ ವರ್ಷವೂ ಶೇಂದಿ ಬಿಡುತ್ತಿದ್ದ. ಬಿಡುತ್ತಿದ್ದ ಎಂದರೆ, ಬಿಡುತ್ತೇನೆ ಎಂದು ಶಿಲುಬೆಯ ಮುಂದೆ ಆಣೆ ಹಾಕುತ್ತಿದ್ದ. ಎರಡನೇ ವಾರಕ್ಕೆ ಆಣೆ ಎಲ್ಲಿಗೋ, ಅಪ್ಪ ಗಡಂಗಿಗೆ. ಮೊದಲ ವಾರ ತಡೆದುಕೊಂಡ ವರ್ಷಗಳಲ್ಲೂ ಅವನಿಗೊಂದು ಕಿಂಡಿಯಿತ್ತು. ಆದಿತ್ಯವಾರ ಉಪವಾಸದ ದಿನವಲ್ಲ ಎಂದು ಪಾದ್ರಿಗಳೇ ಹೇಳಿದ್ದಾರಲ್ಲ ಎನ್ನುತ್ತ, ಇಡೀ ವಾರದ್ದನ್ನು ಆ ಒಂದು ದಿನ ಕುಡಿದು ಬರುತ್ತಿದ್ದ. ಧರ್ಮಶಾಸ್ತ್ರದಲ್ಲಿ ಅಪ್ಪನಿಗೆ ಗೊತ್ತಿದ್ದದ್ದು ಅದೊಂದೇ.

ಅವನ ಹೆಸರು ಸಲ್ವದೋರ್. ಹಂಚಿನ ಕಾರ್ಖಾನೆಯಲ್ಲಿ ಬಟ್ಟಿಗೆ ಬೆಂಕಿ ಕೊಡುವವನು. ಹಗಲಿಡೀ ಬೆಂಕಿಯ ಬಾಯಿಗೆ ಮುಖ ಕೊಟ್ಟು ಕಟ್ಟಿಗೆ ನೂಕುವ ಕೆಲಸ. ಹುಬ್ಬಿನ ಕೂದಲು ಸುಟ್ಟು ಹೋಗಿತ್ತು. ಸಂಜೆ ಹೊರಗೆ ಬಂದರೆ ಎದುರಿಗೇ ಗಡಂಗು, ಶೇಂದಿ ಮತ್ತು ಸಾರಾಯಿಯ ಅಂಗಡಿ. ಕುಡಿದು ಯಾರಿಗೂ ಹೊಡೆದವನಲ್ಲ. ಹಾಡುತ್ತಿದ್ದ, ಅಳುತ್ತಿದ್ದ, ಒಮ್ಮೊಮ್ಮೆ ನೀರು ಹರಿಯುವ ತೋಡಿನ ಬದಿಯಲ್ಲೇ ಮಲಗುತ್ತಿದ್ದ. ಆಗ ಅವನ ಜೊತೆ ಬಟ್ಟಿಯಲ್ಲೇ ದುಡಿಯುತ್ತಿದ್ದ, ಅವನಷ್ಟೇ ಕುಡಿಯುತ್ತಿದ್ದ, ಆದರೆ ಕಾಲಿನ ಮೇಲೆ ನಿಲ್ಲಬಲ್ಲ ಕೊರಗಪ್ಪಣ್ಣ ಹೆಗಲು ಕೊಟ್ಟು ಮನೆಗೆ ತರುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು ಇಬ್ಬರ ಏಳು ತಲೆಮಾರನ್ನೂ ಬೈದು, ಬಿಸಿ ಗಂಜಿ ಬಡಿಸುತ್ತಿದ್ದಳು. ಅಪ್ಪನನ್ನು ಬಯ್ಯದೆ ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದು ನಾನು ತಮಾಷೆ ಮಾಡುವುದಿತ್ತು.

ತಮಾಷೆ ನಿಂತದ್ದು ನನ್ನ ಮದುವೆಯ ಮಾತು ಬಂದಾಗ. ಒಂದು ಸಂಬಂಧ ಆಗಲೇ ಮುರಿದಿತ್ತು. ಹುಡುಗನ ಮನೆಯವರು ಕಾರಣ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಎರಡನೆಯದು ವಾಮಂಜೂರಿನದು. ಸ್ವಲ್ಪ ಗದ್ದೆ, ಒಬ್ಬನೇ ಮಗ, ಗಂಡ ಸತ್ತ ತಾಯಿ. ಹುಡುಗನನ್ನು ಇಗರ್ಜಿಯ ಅಂಗಳದಲ್ಲಿ ಒಮ್ಮೆ ನೋಡಿದ್ದೆ. ಮೆಚ್ಚಿದ್ದೆ ಎಂದು ಈಗ ಹೇಳಲು ನನಗೇನೂ ನಾಚಿಕೆಯಿಲ್ಲ. ಬೂದಿ ಬುಧವಾರದ ಹಿಂದಿನ ವಾರ ಆ ತಾಯಿ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ಅಪ್ಪನನ್ನೇ ನೋಡಿ ಹೇಳಿದಳು.

"ಹುಡುಗಿಯಲ್ಲಿ ಎಂತದೂ ಕೊರತೆ ಇಲ್ಲ. ಆದರೆ ನನ್ನ ಗಂಡ ಕುಡಿದೇ ಸತ್ತದ್ದು. ಇನ್ನೊಂದು ಕುಡುಕರ ಮನೆಯ ಸಂಬಂಧ ನನಗೆ ಬೇಡ. ಈ ಕರೆಜ್ಮ್ ಇಡೀ ನೀವು ಬಾಯಿಗೆ ಹಾಕದೆ ಇದ್ದರೆ, ಪಾಸ್ಕ ಕಳೆದು ನಾನೇ ಬಂದು ಮಾತಾಡ್ತೇನೆ. ಆದಿತ್ಯವಾರವೂ ಸೇರಿ."

ಅಪ್ಪನ ಕಿಂಡಿ ವಾಮಂಜೂರಿನವರೆಗೂ ಸುದ್ದಿಯಾಗಿತ್ತು ಎಂದು ನಮಗೆ ಗೊತ್ತಾದದ್ದು ಅಂದೇ. ಎದುರು ಮಾತಾಡದೆ ಇರುವವಳಲ್ಲ ಅಮ್ಮ, ಆದರೆ ಅವಳೂ ನೆಲ ನೋಡುತ್ತ ಕೂತಳು. ಅಪ್ಪ ಮಾತ್ರ ತಲೆಯೆತ್ತಿ, "ಆಗಲಿ," ಎಂದ. ಅಷ್ಟೇ.

ಯಾರೂ ನಂಬಲಿಲ್ಲ. ಇಗರ್ಜಿಯ ಅಂಗಳದಲ್ಲಿ ಹಣೆಗೆ ಬೂದಿ ಹಚ್ಚಿಕೊಂಡು ನಿಂತವರು ಅವನನ್ನು ನೋಡಿ ನಕ್ಕರು, ನೋಡುವ ಎಷ್ಟು ದಿನ ಅಂತ. ನಾನೂ ನಂಬಿರಲಿಲ್ಲ. ಮೊದಲ ವಾರ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಗಂಜಿಯ ಬಟ್ಟಲನ್ನು ಅಮ್ಮನೇ ಹಿಡಿಯಬೇಕಿತ್ತು. ಮೈ ಬೆವರುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕೈಯಿಂದ ಒರೆಸುತ್ತಿದ್ದ. ಆದರೂ ಕೆಲಸ ತಪ್ಪಿಸಲಿಲ್ಲ. ಬಟ್ಟಿಯ ಮುಂದೆ ನಿಂತರೆ ಬಾಯಾರಿಕೆ ಗಂಟಲಿನಿಂದ ಕಿವಿಯವರೆಗೆ ಏರುತ್ತದೆ ಎನ್ನುತ್ತಿದ್ದ. ಅದಕ್ಕೆ ಬಾಯಲ್ಲಿ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದ. ಸಂಜೆ ಕೊರಗಪ್ಪಣ್ಣ ಅವನನ್ನು ಗಡಂಗು ಸಿಗದ ದಾರಿಯಲ್ಲಿ, ನದಿಯ ಬದಿಯಿಂದ ಸುತ್ತಿಸಿ ಮನೆಗೆ ತರುತ್ತಿದ್ದ. ಅಷ್ಟೇ ಅಲ್ಲ, ತಾನೂ ಕುಡಿಯುವುದನ್ನು ಬಿಟ್ಟಿದ್ದ. ನಿಮಗೆ ಎಂತ ಕರೆಜ್ಮ್, ನಿಮ್ಮದು ಬೇರೆ ಜಾತಿಯಲ್ಲವಾ ಎಂದು ಅಮ್ಮ ಕೇಳಿದ್ದಕ್ಕೆ, ಅವನು ಬಾಯಿ ಮುಚ್ಚಿಕೊಂಡಿರುವಾಗ ನಾನೊಬ್ಬ ಕುಡಿದರೆ ಅದು ಒಳಗೆ ಇಳಿಯುವುದಿಲ್ಲ ಅಕ್ಕಾ ಎಂದ.

ಅಪ್ಪನಿಗೆ ಇನ್ನೊಂದು ಉಪಾಯವೂ ಇತ್ತು. ಆಸೆ ತಡೆಯಲಾರದಷ್ಟು ಬಂದಾಗ ಎದ್ದು ಬಾವಿಕಟ್ಟೆಗೆ ಹೋಗಿ, ಕೊಡದ ಮೇಲೆ ಕೊಡ ತಣ್ಣೀರು ಸೇದಿ ತಲೆಗೆ ಸುರಿದುಕೊಳ್ಳುತ್ತಿದ್ದ. ಬೆಂಕಿಯ ಮುಂದಿನಿಂದ ಬಂದ ಮೈ, ಇನ್ನೂ ಬೆವರು ಆರಿರುತ್ತಿರಲಿಲ್ಲ. ರಾಟೆಯ ಕಿರುಗುಟ್ಟುವಿಕೆ ಕೇಳಿದರೆ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಎದೆಗೆ ಶಿಲುಬೆಯ ಗುರುತು ಮಾಡಿ, ಮತ್ತೆ ಕೆಲಸಕ್ಕೆ ತೊಡಗುತ್ತಿದ್ದಳು. ಅವಳ ಮುಖದಲ್ಲಿ ಒಂದು ಬಗೆಯ ಸಂತೋಷವಿರುತ್ತಿತ್ತು. ಒಂದು ಕೊಡ ಬಿದ್ದರೆ ಒಂದು ಕುಡಿತ ತಪ್ಪಿತು ಎಂದೇ ಅವಳು ತಿಳಿದಿದ್ದಳು.

ಕರೆಜ್ಮಿನ ನಡುವಿನಲ್ಲಿ ಒಂದು ಬಟ್ಟಿ ಹಂಚು ಬೆಂದು ಇಳಿಯಿತು. ಸುಟ್ಟ ಹಂಚು ಚೆನ್ನಾಗಿ ಬಂದರೆ ಮೇಸ್ತ್ರಿ ಬಟ್ಟಿಯವರಿಗೆಲ್ಲ ಶೇಂದಿ ತರಿಸುವ ವಾಡಿಕೆಯಿತ್ತು. ಮಡಕೆಯಿಂದ ಕರಟಕ್ಕೆ ಬಗ್ಗಿಸಿ ಒಬ್ಬೊಬ್ಬರ ಕೈಗೇ ಕೊಡುತ್ತಿದ್ದರು, ಬೇಡ ಎಂದರೆ ಮೇಸ್ತ್ರಿಗೆ ಅವಮಾನ. ಅಪ್ಪ ಕರಟ ತೆಗೆದುಕೊಂಡ. ಮೂಗಿನ ಹತ್ತಿರ ತಂದ. ಅವನು ಅದನ್ನು ಬಟ್ಟಿಯ ಬಾಯಿಯ ಮುಂದೆ ಸುರಿದು, ನನ್ನದು ಬಟ್ಟಿ ಕುಡಿಯಲಿ, ಅದಕ್ಕೂ ಬಾಯಾರಿರಬಹುದು ಎಂದು ಹೇಳಿ ನಗಿಸಿದನಂತೆ. ಆ ಸಂಜೆ ಮನೆಗೆ ಬಂದವನು ಇದನ್ನು ಅಮ್ಮನಿಗೆ ಹೇಳಿದ, ನನಗೆ ಹೇಳಿದ, ಊಟಕ್ಕೆ ಕೂತಾಗ ಮತ್ತೊಮ್ಮೆ ಮೊದಲಿನಿಂದ ಹೇಳಿದ. ಶಾಲೆಯಲ್ಲಿ ಬಹುಮಾನ ಬಂದ ಹುಡುಗನ ಹಾಗಿತ್ತು ಅವನ ಮುಖ. ಕಣ್ಣಿನ ಬಿಳಿ ಬೆಳ್ಳಗಾಗಿತ್ತು, ಕೈ ನಡುಗುತ್ತಿರಲಿಲ್ಲ. ಇಷ್ಟು ಚಂದದ ಮನುಷ್ಯನನ್ನು ನಾನು ಕಟ್ಟಿಕೊಂಡದ್ದು ನನಗೇ ಮರೆತುಹೋಗಿತ್ತು ಎಂದು ಅಮ್ಮ ಅಡಿಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡಳು. ನಮ್ಮ ಮನೆ ಅಷ್ಟು ಸುಖವಾಗಿದ್ದದ್ದು ಅದಕ್ಕೆ ಮೊದಲು ಇಲ್ಲ, ಆಮೇಲಂತೂ ಇಲ್ಲವೇ ಇಲ್ಲ.

ಪಾಸ್ಕಕ್ಕೆ ಎರಡು ವಾರವಿರುವಾಗ, ಇಗರ್ಜಿಯಲ್ಲಿ ಸಂತರ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದ ವಾರ ಅಪ್ಪನಿಗೆ ಜ್ವರ ಬಂತು. ಮೊದಲು ಚಳಿ, ಆಮೇಲೆ ಕೆಮ್ಮು, ಆಮೇಲೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು. ಮುಂದಿನ ಆದಿತ್ಯವಾರ, ಗರಿಗಳ ಹಬ್ಬದ ಹೊತ್ತಿಗೆ, ಉಸಿರೆಳೆದರೆ ಎದೆಯೊಳಗೆ ಗೊರಗೊರ ಸದ್ದು. ಡಾಕ್ಟರು ಬಂದು ನೋಡಿ ನ್ಯುಮೋನಿಯಾ ಎಂದರು. ಈಗಿನ ಹಾಗೆ ಇಂಜೆಕ್ಷನ್ ಕೊಟ್ಟು ಗುಣ ಮಾಡುವ ಕಾಲವಲ್ಲ ಅದು. ಎದೆಗೆ ಅಗಸೆಯ ಬಿಸಿ ಪಟ್ಟು ಕಟ್ಟಿ, ಗುಂಡಿಗೆ ನಿಲ್ಲದ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ಬಿಸಿನೀರಲ್ಲಿ ಎರಡೆರಡು ಚಮಚ ಬ್ರಾಂಡಿ ಕೊಡುತ್ತಾ ಇರಿ ಎಂದು ಹೇಳಿ ಹೋದರು.

ಬ್ರಾಂಡಿ ತರಲು ಅಮ್ಮನೇ ಹೋದಳು. ಕೊರಗಪ್ಪಣ್ಣ ಬರುವವರೆಗೆ ಕಾಯಲಿಲ್ಲ. ಜೀವಮಾನದಲ್ಲಿ ಗಡಂಗಿನ ಎದುರು ಹಾಯುವಾಗ ಮುಖ ತಿರುಗಿಸಿ, ಉಗಿದು ನಡೆದವಳು, ತಲೆಗೆ ಸೆರಗು ಎಳೆದುಕೊಂಡು ಹಂಪನಕಟ್ಟೆಯವರೆಗೆ ಬಿಸಿಲಲ್ಲಿ ನಡೆದು, ಗಂಡಸರ ನಡುವೆ ನಿಂತು, ಬಾಟಲಿ ಕೇಳಿ ತಂದಳು. ಪರಿಚಯದವರು ನೋಡಿದರಂತೆ. ನೋಡಲಿ ಎಂದಳು. ಬಿಸಿನೀರಿಗೆ ಚಮಚದಲ್ಲಿ ಅಳೆದು ಹಾಕಿ ಅಪ್ಪನ ತಲೆ ಎತ್ತಿ ಹಿಡಿದಳು. ಅಪ್ಪ ತುಟಿ ಬಿಗಿದು ಮುಖ ಗೋಡೆಗೆ ತಿರುಗಿಸಿದ.

ಔಷಧಿ ಎಂದು ಹೇಳಿದರೂ ಕೇಳಲಿಲ್ಲ. ಬೈದರೂ ಕೇಳಲಿಲ್ಲ. ಅಮ್ಮ ಇಗರ್ಜಿಗೆ ಓಡಿ ವಿಗಾರ್ ಪಾದ್ರಿಯವರನ್ನೇ ಕರೆತಂದಳು. ಒಳ್ಳೆಯ ಮನುಷ್ಯ ಅವರು, ಹಾಸಿಗೆಯ ಪಕ್ಕ ನೆಲದ ಮೇಲೇ ಕೂತರು. ಔಷಧಿಯಾಗಿ ಕುಡಿದರೆ ವ್ರತ ಕೆಡುವುದಿಲ್ಲ, ನಾನು ಅಪ್ಪಣೆ ಕೊಡುತ್ತೇನೆ ಎಂದು ನಿಧಾನವಾಗಿ ವಿವರಿಸಿದರು. ಅಪ್ಪ ಎಲ್ಲ ಕೇಳಿ, ಉಸಿರು ಕೂಡಿಸಿಕೊಂಡು ಉತ್ತರ ಕೊಟ್ಟ.

"ನೀವು ಅಪ್ಪಣೆ ಕೊಡ್ತೀರಿ ಪಾದ್ರ್ಯಾಬ್. ನನ್ನ ನಾಲಿಗೆ ಅಪ್ಪಣೆ ಕೇಳುವ ಜಾತಿಯದ್ದಲ್ಲ. ಎರಡು ಚಮಚ ನಿಮಗೆ ಎರಡು ಚಮಚ. ನನಗೆ ಅದು ಎಲ್ಲಿಗೆ ಹೋಗಿ ನಿಲ್ತದೆ ಅಂತ ಗೊತ್ತುಂಟು."

ವಿಗಾರರು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಎದ್ದರು. ಕೊರಗಪ್ಪಣ್ಣ ಆ ದಿನ ಯಾರಿಗೂ ಹೇಳದೆ ವಾಮಂಜೂರಿಗೆ ನಡೆದು, ಹುಡುಗನ ತಾಯಿಯನ್ನು ಕರೆದುಕೊಂಡು ಬಂದ. ಆಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ಒಳಗೆ ಬಂದು, ನಾನು ಆಡಿದ ಮಾತು ವಾಪಸು ತೆಗೆದುಕೊಂಡೆ, ಮದುವೆ ನಿಶ್ಚಯವಾಯಿತು ಅಂತಲೇ ತಿಳಿದುಕೊಳ್ಳಿ, ಈಗ ಕುಡಿಯಿರಿ ಎಂದು ಕೈ ಮುಗಿದಳು. ಅಪ್ಪ ಅವಳನ್ನು ನೋಡಿ ನಕ್ಕ. ಪಾಸ್ಕ ಇನ್ನೂ ಬಂದಿಲ್ಲ ಅಲ್ಲವಾ ಬಾಯಮ್ಮ ಎಂದ.

ನನಗೆ ಮದುವೆಯೇ ಬೇಡ ಎಂದು ನಾನು ಅವನ ಕಾಲು ಹಿಡಿದು ಅತ್ತೆ. ಅದು ಸುಳ್ಳಾಗಿರಲಿಲ್ಲ, ಆ ಹೊತ್ತಿನಲ್ಲಿ ನನಗೆ ವಾಮಂಜೂರೂ ಬೇಡ, ಯಾವ ಊರೂ ಬೇಡವಾಗಿತ್ತು. ಅವನು ಬಿಸಿ ಬಿಸಿ ಕೈಯಿಂದ ನನ್ನ ತಲೆ ಸವರಿದ.

"ಇದು ಈಗ ನಿನ್ನ ಮದುವೆಗೆ ಅಲ್ಲ ಮಗಾ. ಎಷ್ಟು ಸಲ ಆಣೆ ಹಾಕಿದೆ, ಎಷ್ಟು ಸಲ ಮುರಿದೆ. ಒಂದು ಸಲ ಪೂರ್ತಿ ಮಾಡ್ತೇನೆ. ಬಿಡು ನನ್ನನ್ನು."

ಪವಿತ್ರ ಗುರುವಾರ ಅಮ್ಮ ಕಾಫಿ ಮಾಡಿದಳು. ತಾನು ಬಿಟ್ಟಿದ್ದ ಬೆಲ್ಲವನ್ನು ಅಪ್ಪನ ಲೋಟಕ್ಕೆ ಧಾರಾಳವಾಗಿ ಹಾಕಿದಳು, ಶುಂಠಿ ಜಜ್ಜಿ ಹಾಕಿದಳು, ಕಾಳುಮೆಣಸು ಹಾಕಿದಳು, ಕೊನೆಗೆ ಬ್ರಾಂಡಿ ಹಾಕಿದಳು. ನಾನು ನೋಡುತ್ತಾ ನಿಂತಿದ್ದೆ, ದೇವರೇ ಅವನಿಗೆ ತಿಳಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಟ್ಟಿಯ ಹೊಗೆ ಕುಡಿದ ಮೂಗು, ಜ್ವರದಿಂದ ಕಟ್ಟಿದ ಮೂಗು, ತಿಳಿಯಲಾರದು ಎಂದುಕೊಂಡಿದ್ದೆವು. ಎಂಥ ಹುಚ್ಚು. ಹುಟ್ಟಾ ಕುಡುಕನಿಗೆ ನಾವು ಸಾರಾಯಿ ಬಚ್ಚಿಟ್ಟು ಕುಡಿಸಲು ಹೊರಟಿದ್ದೆವು. ಲೋಟ ತುಟಿಗೆ ತಾಗುವ ಮೊದಲೇ ಅವನ ಮೂಗಿನ ಹೊಳ್ಳೆ ಅರಳಿತು. ಕಣ್ಣು ಮುಚ್ಚಿ ಆ ಆವಿಯನ್ನು ಒಮ್ಮೆ ಒಳಗೆಳೆದುಕೊಂಡ. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಎಷ್ಟು ಬೇಕಿತ್ತು ಅವನಿಗೆ ಅದು! ನನಗೆ ಇವತ್ತಿಗೂ ಆ ಗಂಟಲು ಕಾಣುತ್ತದೆ. ಆಮೇಲೆ ಲೋಟವನ್ನು ಎರಡೂ ಕೈಯಿಂದ ಅಮ್ಮನ ಕೈಗೆ ವಾಪಸು ಕೊಟ್ಟ.

"ಕುಡಿಯಿರಿ," ಎಂದಳು ಅಮ್ಮ. "ಇಷ್ಟು ವರ್ಷ ಬೇಡ ಬೇಡ ಎಂದವಳು ನಾನೇ. ಈಗ ನಾನೇ ಹೇಳ್ತಾ ಇದ್ದೇನೆ. ನಿಮ್ಮ ಕಾಲಿಗೆ ಬೀಳ್ತೇನೆ, ಕುಡಿಯಿರಿ."

"ನೀನು ಮಾತ್ರ ಹೇಳಬೇಡ ರೆಜಿನಾ," ಎಂದ ಅಪ್ಪ. "ನೀನು ಹೇಳಿದರೆ ಕುಡಿದುಬಿಡ್ತೇನೆ."

ಅಮ್ಮ ಲೋಟ ಹಿಡಿದುಕೊಂಡು ನಿಂತಳು. ಇನ್ನೊಂದು ಸಲ ಹೇಳಿದ್ದರೆ ಅವನು ಕುಡಿಯುತ್ತಿದ್ದ. ಅವಳಿಗೂ ಅದು ಗೊತ್ತಿತ್ತು. ಬಾಯಿ ತೆರೆದಳು, ಮಾತು ಬರಲಿಲ್ಲ. ಅವನು ಹಾಗೆ ನೋಡುತ್ತಿದ್ದ ಅವಳನ್ನು. ಕೊನೆಗೆ ಅವಳು ಹಿತ್ತಲಿಗೆ ಹೋಗಿ ಕಾಫಿಯನ್ನು ಬಾಳೆಯ ಬುಡಕ್ಕೆ ಚೆಲ್ಲಿ ಬಂದಳು.

ಶುಭ ಶುಕ್ರವಾರ ಬೆಳಕು ಹರಿಯುವಾಗ ಅಪ್ಪ ಹೋದ.

ನಮ್ಮಲ್ಲಿ ಯಾರಾದರೂ ಸತ್ತರೆ ಇಗರ್ಜಿಯ ಗಂಟೆ ಬಿಟ್ಟು ಬಿಟ್ಟು ಹೊಡೆಯುತ್ತದೆ, ಇಡೀ ಊರಿಗೆ ತಿಳಿಯುತ್ತದೆ. ಆ ದಿನ ಹೊಡೆಯಲಿಲ್ಲ. ಕೊರಗಪ್ಪಣ್ಣ ಅಂಗಳದಲ್ಲಿ ಬಿದಿರು ಕಡಿಯುತ್ತಿದ್ದವನು ಕಾದ, ಕಾದ, ಕೊನೆಗೆ ಕತ್ತಿ ಬಿಸಾಡಿ ನನ್ನ ಹತ್ತಿರ ಬಂದ. ಅವನ ಮುಖ ಕೆಂಪಾಗಿತ್ತು.

"ಗಂಟೆ ಯಾಕೆ ಹೊಡೆಯುವುದಿಲ್ಲ? ಕುಡುಕ ಅಂತವಾ? ನಾನು ಹೋಗಿ ಕೇಳ್ತೇನೆ ಅವರ ಹತ್ತಿರ."

ಹಾಗಲ್ಲ ಕೊರಗಪ್ಪಣ್ಣ, ಗುರುವಾರದಿಂದ ಶನಿವಾರದವರೆಗೆ ನಮ್ಮಲ್ಲಿ ಯಾರಿಗೂ ಗಂಟೆಯಿಲ್ಲ, ಕ್ರಿಸ್ತನೇ ಸತ್ತ ದಿನಗಳು ಇವು, ಮರದ ಹಲಗೆ ಬಡಿಯುವುದು ಮಾತ್ರ ಎಂದು ನಾನು ಅಳುತ್ತಾ ಅವನಿಗೆ ತಿಳಿಸಿ ಹೇಳಬೇಕಾಯಿತು. ಅವನು ಬಿಸಾಡಿದ ಕತ್ತಿ ಎತ್ತಿಕೊಂಡ. ದೇವರಿಗೂ ಇಲ್ಲದಿದ್ದರೆ ತೊಂದರೆಯಿಲ್ಲ ಎಂದು ಮತ್ತೆ ಬಿದಿರು ಕಡಿಯಲು ಹೋದ. ಸಂಜೆ ಕಟಕಟ ಹಲಗೆಯ ಸದ್ದಿನಲ್ಲಿ, ಪೂಜೆಯಿಲ್ಲದೆ, ಹಾಡಿಲ್ಲದೆ ಅಪ್ಪನನ್ನು ಮಣ್ಣು ಮಾಡಿದೆವು. ಬೂದಿ ಬುಧವಾರ ನಕ್ಕವರೆಲ್ಲ ಬಂದಿದ್ದರು. ಸಲ್ವದೋರ್ ಗೆದ್ದ ಎಂದು ಯಾರೋ ಹೇಳಿದರು. ಆಗೆಲ್ಲ ಪಾಸ್ಕದ ಪೂಜೆ ಶನಿವಾರ ಬೆಳಿಗ್ಗೆಯೇ ಆಗುತ್ತಿತ್ತು; ಮರುದಿನ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು, ಕರೆಜ್ಮ್ ಮುಗಿಯಿತು, ನೆರೆಮನೆಯಿಂದ ಮಾಂಸ ಬೇಯುವ ವಾಸನೆ ಬಂತು. ಅಮ್ಮ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಅವಳು ಅಳಲಿಲ್ಲ. ಮಣ್ಣು ಹಾಕುವಾಗಲೂ ಇಲ್ಲ, ಮುಂದಿನ ವರ್ಷ ಅದೇ ವಾಮಂಜೂರಿನ ಹುಡುಗನ ಜೊತೆ ನನ್ನ ಮದುವೆಯಲ್ಲಿ ಅಪ್ಪನ ಹೆಸರು ಕರೆದು ಪ್ರಾರ್ಥನೆ ಹೇಳುವಾಗಲೂ ಇಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಎಂಥ ಸಿಟ್ಟೆಂದರೆ, ಆಮೇಲೆ ಅವಳು ಕರೆಜ್ಮ್ ನಡೆಸಲೇ ಇಲ್ಲ. ಕಾಫಿಗೆ ಬೆಲ್ಲ ಹಾಕಿದಳು, ಶುಕ್ರವಾರವೇ ಮಾಂಸ ತಂದು, ಬಾಗಿಲು ತೆರೆದಿಟ್ಟು ಬೇಯಿಸಿದಳು. ವಿಗಾರರು ಕೇಳಲು ಬಂದರೆ, ನಮ್ಮ ಮನೆಯಿಂದ ಒಬ್ಬರು ನಡೆಸಿ ಆಗಿದೆ ಎಂದಳು. ಇಪ್ಪತ್ತು ವರ್ಷ ಕುಡಿದದ್ದನ್ನು ನಾನು ಮಾಫಿ ಮಾಡಿದ್ದೆ, ಆ ಒಂದು ಲೋಟ ಕುಡಿಯದ್ದನ್ನು ಹೇಗೆ ಮಾಡಲಿ ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ನಾನು ತವರಿಗೆ ಹೋದಾಗಲೆಲ್ಲ ಅಪ್ಪನನ್ನು ಬೈಯುತ್ತಿದ್ದಳು, ಅವನು ಇನ್ನೂ ತೋಡಿನ ಬದಿಯಲ್ಲೆಲ್ಲೋ ಬಿದ್ದಿದ್ದು, ಕತ್ತಲಾದರೆ ಬರುವವನಿದ್ದಾನೆ ಎಂಬ ಹಾಗೆ. ತಾನು ಅವತ್ತು ಇನ್ನೊಂದು ಮಾತು ಹೇಳಲಿಲ್ಲ ಎಂಬುದನ್ನು ಮಾತ್ರ ಬಾಯಿಬಿಟ್ಟು ಎಂದೂ ಹೇಳಲಿಲ್ಲ.

ವರ್ಷಗಳು ಕಳೆದವು. ಯುದ್ಧ ಬಂದು ಹೋಯಿತು, ಸ್ವಾತಂತ್ರ್ಯ ಬಂತು. ಒಂದು ಮಳೆಗಾಲ ನನಗೇ ನ್ಯುಮೋನಿಯಾ ಆಯಿತು. ಇಂಜೆಕ್ಷನ್ ಚುಚ್ಚಿದರು, ವಾರದಲ್ಲಿ ಎದ್ದು ಕೂತೆ. ಆಗ ಡಾಕ್ಟರರ ಹತ್ತಿರ ಅಪ್ಪನ ವಿಷಯ ಕೇಳಿದೆ. ಅವರು ಎಳೆಯ ಪ್ರಾಯದವರು, ನಗುತ್ತಲೇ ಹೇಳಿದರು. ಬ್ರಾಂಡಿಯಿಂದ ಎಂತದೂ ಆಗುತ್ತಿರಲಿಲ್ಲ, ಆ ಕಾಲದಲ್ಲಿ ಹಾಗೊಂದು ನಂಬಿಕೆ ಇತ್ತು ಅಷ್ಟೇ, ಅಷ್ಟು ಏರಿದ ಮೇಲೆ ಕುಡಿದಿದ್ದರೂ ಅವರು ಉಳಿಯುವುದು ಕಷ್ಟವೇ ಇತ್ತು ಎಂದರು.

ನಾನು ಮೈಯಲ್ಲಿ ಬಲ ಬಂದದ್ದೇ ಬಸ್ಸು ಹತ್ತಿ ಜೆಪ್ಪುವಿನ ತವರಿಗೆ ಓಡಿದೆ. ಅಮ್ಮನ ಎದೆಯಿಂದ ಒಂದು ಭಾರ ಇಳಿಸುತ್ತೇನೆ ಎಂಬ ಹುರುಪು. ಅವಳು ಹಿತ್ತಲ ಮೆಟ್ಟಿಲಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು. ಡಾಕ್ಟರರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ಕತ್ತಿ ಕೆಳಗಿಟ್ಟಳು. ಕೈ ತೊಳೆದುಕೊಂಡಳು. ನನ್ನ ಕಡೆ ತಿರುಗಿದಳು.

"ಇದನ್ನು ನನಗೆ ಯಾಕೆ ಹೇಳಿದೆ ಮಗಾ? ಇಷ್ಟು ದಿನ ಬೈಲಿಕ್ಕೆ ಅವರಾದರೂ ಇದ್ದರು."

ಹಾಗೆಂದು ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲದ ಮೇಲೆ ಕೂತು, ಎದೆ ಬಡಿದುಕೊಂಡು ಅಳತೊಡಗಿದಳು. ಅವಳ ಗಂಟಲಲ್ಲಿ ಅಷ್ಟು ದೊಡ್ಡ ಸ್ವರ ಇದೆ ಎಂದು ನನಗೆ ಗೊತ್ತಿರಲಿಲ್ಲ. ನೆರೆಮನೆಗೆ ಹೊಸದಾಗಿ ಬಂದಿದ್ದ ಹೆಂಗಸು ಕೈಯಲ್ಲಿದ್ದ ಸೌಟು ಹಿಡಿದೇ ಓಡಿ ಬಂದು, ಗಾಬರಿಯಿಂದ, ಯಾರು ಹೋದದ್ದು ಎಂದು ಕೇಳಿದಳು.

"ಅಪ್ಪ," ಎಂದೆ.